ನಡುರಾತ್ರಿಯ ಹಾಜರಿ

ಹಾಜರಿ ಪಟ್ಟಿ ಚೆಂದ ಕಾಣಲಿ ಎಂದು ಹೊರಟದ್ದೇ ನಮ್ಮ ಪ್ರೋಗ್ರಾಮರನ ತಪ್ಪು. ಹಿಂದಿನ ಸಂಜೆ ಮನೆಗೆ ಓಡುವ ಅವಸರದಲ್ಲಿ, ‘ತಾರೀಖು ಮತ್ತು ಸಮಯ’ ಎಂದಿದ್ದ ಮಾಹಿತಿಯನ್ನು ಬರೀ ‘ತಾರೀಖು’ ಮಾಡಿ ಎದ್ದಿದ್ದ. ಸಮಯ ಕಳೆದುಕೊಂಡ ತಾರೀಖನ್ನು ಕಂಪ್ಯೂಟರು ನಡುರಾತ್ರಿ ಹನ್ನೆರಡು ಎಂದೇ ಲೆಕ್ಕ ಹಿಡಿಯುತ್ತದೆ. ಇದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹಳ್ಳಕ್ಕೆ ಬೀಳುವುದರಲ್ಲಿ ಅವನದು ಎತ್ತಿದ ಕೈ.

ಇವತ್ತು ಅವನು ಕಚೇರಿಗೆ ಬಂದದ್ದೂ ತಡವಾಗಿ, ತಿಂಗಳಲ್ಲಿ ಮೂರನೇ ಸಲ. ತಡವಾದ ದಿನಕ್ಕೊಂದು ಕೆಂಪು ಗುರುತು; ಮೂರು ಬಿದ್ದರೆ ಉಳಿದಿರುವ ಒಂದೇ ರಜೆಯೂ ಗೋತಾ. ನಾಳೆ ಸಮುದ್ರ ತೋರಿಸುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಾಗಿತ್ತು.

“ಏಯ್, ಇಲ್ನೋಡು!” ಪಕ್ಕದ ಕುರ್ಚಿಯ ಅಕ್ಕ ಕಣ್ಣರಳಿಸಿದಳು. “ನಾವೆಲ್ಲ ರಾತ್ರಿ ಹನ್ನೆರಡಕ್ಕೇ ಬಂದಿದ್ದೀವಂತೆ. ನೀನೂ!”

ಅವನು ಪರದೆಯತ್ತ ಬಾಗಿ ನೋಡಿದ. ಮರುಕ್ಷಣ ಹಿಗ್ಗಿದ. “ಅಕ್ಕಾ, ನನ್ನ ರಜೆ ಮಂಜೂರಾಗೋವರೆಗೂ ಬಾಯಿ ಬಿಡ್ಬೇಡ. ಆಮೇಲೆ ಸರಿ ಮಾಡ್ತೀನಿ.”

“ಸರಿ ಯಾಕೆ ಮಾಡ್ತೀಯ? ನಾನೂ ಲೇಟೇ ಕಣೋ!”

ಅಕ್ಕನ ಬಾಯಲ್ಲಿ ಗುಟ್ಟು ನಿಂತೀತೇ? ಮಧ್ಯಾಹ್ನದೊಳಗೆ ಕಚೇರಿಯವರೆಲ್ಲ ಬಂದು ಅವನ ಬೆನ್ನು ತಟ್ಟಿದರು. ವರ್ಷಗಟ್ಟಲೆ ನೆಟ್ಟಗೆ ದುಡಿದಾಗ ಸಿಗದ ಮರ್ಯಾದೆ ಒಂದು ತಪ್ಪಿಗೆ ಸಿಕ್ಕಿತಲ್ಲ ಎಂದು ಅವನಿಗೇ ನಗು ಬಂತು.

ಸಮಯ ಗಮನಿಸದೆ, ಕೆಂಪು ಗುರುತೇ ಇಲ್ಲದ ಪಟ್ಟಿ ಕಂಡಷ್ಟಕ್ಕೇ ಮ್ಯಾನೇಜರು ಖುಷಿಯಾದರು. “ಭೇಷ್! ಹೋಗಿ ಬನ್ನಿ,” ಎಂದು ರಜೆ ಕೊಟ್ಟೇಬಿಟ್ಟರು.

“ಬ್ಯಾಗ್ ತುಂಬ್ಕೋ,” ಎಂದು ಅವನು ಮನೆಗೆ ಫೋನು ಮಾಡಿದ.

ಸಂಜೆ ಎಲ್ಲರೂ ಹಾಜರಿ ಯಂತ್ರಕ್ಕೆ ಬೆರಳೊತ್ತಿ ಹೊರಟರು. ಬಾಗಿಲು ದಾಟುವ ಮೊದಲೇ ಎಲ್ಲರ ಮೊಬೈಲುಗಳೂ ಒಟ್ಟಿಗೆ ಕಿಣಿಗುಟ್ಟಿದವು: ‘ಇಂದು ನಿಮ್ಮ ಒಂದು ರಜೆ ಬಳಕೆಯಾಗಿದೆ.’

ಮ್ಯಾನೇಜರು ಅವನ ಬಳಿ ಓಡಿ ಬಂದರು. “ಏನ್ರೀ ಇದು? ಬಂದಿದ್ದೂ ಹನ್ನೆರಡಕ್ಕೆ, ಹೋಗಿದ್ದೂ ಅದೇ ಹನ್ನೆರಡಕ್ಕೆ. ಕೆಲಸ ಮಾಡಿದ ಹೊತ್ತು ಸೊನ್ನೆ! ಬೇರೆಯವರದ್ದು ತಪ್ಪು, ಒಪ್ತೀನಿ. ನಿಮ್ಮದು ಸರಿಯಾಗೇ ಇದೆ ಅನ್ಸುತ್ತೆ.”

ಬೆಳಿಗ್ಗೆ ಬೆನ್ನು ತಟ್ಟಿದ ಕೈಗಳೇ ಈಗ ಅವನನ್ನು ಕುರ್ಚಿಗೆ ನೂಕಿದವು. ನಿಜವಾದ ಸಮಯ ಬೆರಳೊತ್ತುವ ಯಂತ್ರದಲ್ಲಿ ಭದ್ರವಾಗಿತ್ತು. ಒಂದು ಸಾಲು ತಿದ್ದಿದರೆ ಸಾಕು. ತಿದ್ದಿದರೆ ಮೂರನೇ ಕೆಂಪು ಗುರುತು, ತಿದ್ದದಿದ್ದರೆ ಇವತ್ತೇ ರಜೆ ಖಾಲಿ. ಅತ್ತ ದರಿ, ಇತ್ತ ಪುಲಿ.

“ಏನೋ ನೋಡ್ತಿದ್ದೀಯ? ತಿದ್ದಿ ಗುಂಡಿ ಒತ್ತೋ!” ಅಕ್ಕ ಗದರಿದಳು.

ಒತ್ತಿದ. ಎಲ್ಲರ ರಜೆಯೂ ಮರಳಿ ಬಂತು. ಅಕ್ಕನಿಗೆ ಮೊದಲನೇ ಕೆಂಪು, ಅವನಿಗೆ ಮೂರನೇದು; ಮರಳಿ ಬಂದ ರಜೆ ಅದರ ಪಾಲಾಯಿತು.

ಅಷ್ಟರಲ್ಲಿ ಮನೆಯಿಂದ ಫೋನು. “ರೀ, ನಿಮ್ಮ ಈಜೋ ಚಡ್ಡಿ ಎಲ್ಲಿಟ್ಟಿದ್ದೀರಿ?”

ಅವನಿಗೆ ಅಳುವೇ ಬಂತು. “ಎಲ್ಲಿದ್ಯೋ ಅಲ್ಲೇ ಇರ್ಲಿ ಬಿಡೇ,” ಎಂದ.