ದೊಡ್ಡಮ್ಮನ ಬಲಗಿವಿಯ ಹೆಂಗಸು

ನಮ್ಮ ದೊಡ್ಡಮ್ಮನ ಕಾರಿನಲ್ಲಿ ಒಂದು ಸಲ ಕೂತು ಜೀವಸಹಿತ ಇಳಿದವರಿಗೆ ಆಮೇಲೆ ದೆವ್ವ, ಭೂತ, ಆದಾಯ ತೆರಿಗೆಯವರು, ಯಾರ ಭಯವೂ ಇರುವುದಿಲ್ಲ! ಉತ್ಪ್ರೇಕ್ಷೆ ಎನ್ನುವವರು ಯಾವುದಾದರೂ ಶನಿವಾರ ರಾಜಗೋಪಾಲನಗರಕ್ಕೆ ಬನ್ನಿ. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಧಾರಾಳವಾಗಿ ಜಾಗವಿದೆ. ಎರಡು ವರ್ಷದಿಂದ ನೆಂಟರನ್ನೆಲ್ಲ ಕರೆಯುತ್ತಿದ್ದೇನೆ, ಒಬ್ಬರೂ ಬಂದಿಲ್ಲ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಕಾರು ಕಲಿತದ್ದು ಐವತ್ತಾರನೆಯ ವಯಸ್ಸಿನಲ್ಲಿ. ಕಲಿಸಿದವನು ಅದೇ ತಿಂಗಳು ಡ್ರೈವಿಂಗ್ ಸ್ಕೂಲು ಮುಚ್ಚಿ ಊರಿಗೆ ಹೋಗಿ ರೇಷ್ಮೆಹುಳು ಸಾಕುತ್ತಿದ್ದಾನಂತೆ. ಕಾರು ಹೊರಡುವ ಮೊದಲು ದೊಡ್ಡಮ್ಮ ಕಣ್ಣು ಮುಚ್ಚಿ ಕೈ ಮುಗಿಯುತ್ತಾರೆ. ಒಳ್ಳೆಯದೇ. ಆದರೆ ದಾರಿಯಲ್ಲಿ ಸಿಕ್ಕುವ ಪ್ರತಿ ಗುಡಿಗೂ ಹಾಗೆಯೇ ಕಣ್ಣು ಮುಚ್ಚಿ ಮುಗಿಯುತ್ತಾರೆ. ಪೀಣ್ಯದಲ್ಲಿ ಎಷ್ಟು ಗುಡಿಗಳಿವೆ ಎಂದು ನನ್ನನ್ನು ಕೇಳಿ! ಲೈಸೆನ್ಸು ಬಂದು ಎಷ್ಟೋ ಕಾಲವಾದರೂ ಹಿಂದಿನ ಗಾಜಿನ ಮೇಲಿರುವ ಕೆಂಪು ‘ಎಲ್’ ಅಕ್ಷರ ಮಾತ್ರ ಹಾಗೇ ಇದೆ.

“ಅದಿನ್ನೂ ಯಾಕೆ ದೊಡ್ಡಮ್ಮ?” ಎಂದು ಕೇಳಿದೆ.

“ಭಯ ಇರ್ಲಿ ಅಂತ ಕಣೋ.”

“ನಿಮಗಾ?”

“ನಂಗ್ಯಾಕೋ? ಹಿಂದೆ ಬರೋರಿಗೆ!”

ಈ ವಯಸ್ಸಿನಲ್ಲಿ ಈ ಸಾಹಸ ಯಾಕೆ ಬೇಕಿತ್ತು? ದೊಡ್ಡಪ್ಪನ ಕಣ್ಣಿಗಾಗಿ. ಸಕ್ಕರೆ ಕಾಯಿಲೆ ಸದ್ದಿಲ್ಲದೆ ಕಣ್ಣಿಗೆ ಇಳಿದಿತ್ತು. ತಿಂಗಳಿಗೊಂದು ಇಂಜೆಕ್ಷನ್ನು ಕಣ್ಣಿಗೇ ಚುಚ್ಚಬೇಕು, ಒಂದು ತಪ್ಪಿದರೂ ಉಳಿದಿರುವ ದೃಷ್ಟಿ ಹೋದೀತು ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಆಸ್ಪತ್ರೆ ಇರುವುದು ರಾಜಾಜಿನಗರದ ಕಡೆ. ಆಟೋದಲ್ಲಿ ಹೋಗಬಹುದಲ್ಲ ಎನ್ನುತ್ತೀರಿ. ದೊಡ್ಡಪ್ಪ ಮೂವತ್ತು ವರ್ಷ ಒಂದು ಸರ್ಕಾರಿ ಕಾರ್ಖಾನೆಯ ಬಸ್ಸು ಓಡಿಸಿದವರು, ಮೂರು ಪಾಳಿಯ ಜನರನ್ನು ಒಂದು ನಿಮಿಷ ತಡವಿಲ್ಲದೆ ಗೇಟಿಗೆ ಮುಟ್ಟಿಸಿದವರು. ಅವರು ಆಟೋದಲ್ಲಿ ಮೂಟೆಯ ಹಾಗೆ ಕೂರುತ್ತಾರೆಯೇ? ಸ್ವಂತ ಕಾರಿನಲ್ಲಿ ಎಡಗಡೆ ಕೂತು, ಓಡಿಸುವ ಹೆಂಡತಿಗೆ ದಾರಿ ಹೇಳುವುದಾದರೆ ಮಾತ್ರ ಬರುತ್ತೇನೆ ಎಂದರು.

ತೊಂದರೆ ಶುರುವಾದದ್ದೇ ಅಲ್ಲಿ. ದೊಡ್ಡಪ್ಪ ಹೇಳುವ ದಾರಿ ಇಪ್ಪತ್ತು ವರ್ಷ ಹಿಂದಿನ ಪೀಣ್ಯದ್ದು. “ಆಲದ ಮರ ಬಂತಾ? ಅಲ್ಲಿ ಎಡಕ್ಕೆ ಎಳಿ” ಎನ್ನುತ್ತಾರೆ. ಆಲದ ಮರವಿದ್ದ ಕಡೆ ಈಗ ಮೆಟ್ರೋ ಕಂಬ. “ಕಾಂಪೌಂಡು ಮುಗಿದ್ಮೇಲೆ ಬಲಕ್ಕೆ” ಎನ್ನುತ್ತಾರೆ. ಕಾಂಪೌಂಡು ಹೋಗಿ ಅಲ್ಲಿ ಅಪಾರ್ಟ್‌ಮೆಂಟು ಎದ್ದಿದೆ. ಹೀಗೆ ಗಂಡನ ಮಾತನ್ನು ಅಕ್ಷರಶಃ ಪಾಲಿಸಿದ ದೊಡ್ಡಮ್ಮ ಒಂದು ಬೆಳಿಗ್ಗೆ ನಾಗಸಂದ್ರವನ್ನೂ ದಾಟಿ ನೆಲಮಂಗಲದ ದಾರಿಯ ಟೋಲ್ ಗೇಟಿನ ಎದುರು ಪ್ರತ್ಯಕ್ಷರಾದರು. ಆ ತಿಂಗಳ ಇಂಜೆಕ್ಷನ್ನು ತಪ್ಪಿತು. ಡಾಕ್ಟರು ಫೋನಿನಲ್ಲಿ ರೇಗಿದಾಗ ದೊಡ್ಡಮ್ಮ, “ತಪ್ಪು ನಂದೇ ಡಾಕ್ಟ್ರೇ, ನಂಗೇ ದಾರಿ ಗೊತ್ತಾಗ್ಲಿಲ್ಲ” ಎಂದುಬಿಟ್ಟರು.

“ದಾರಿ ಬದಲಾಗಿದೆ ಅಂತ ದೊಡ್ಡಪ್ಪಂಗೆ ಹೇಳ್ಬಿಡಿ” ಎಂದೆ ನಾನು.

“ಸುಮ್ನಿರೋ. ಆ ಮನುಷ್ಯಂಗೆ ಉಳಿದಿರೋದೇ ಅದೊಂದು ಕೆಲ್ಸ. ಅದನ್ನೂ ನಾನೇ ಕಿತ್ಕೊಳ್ಳಲಾ?” ಅವರು ಕಾರಿನ ಕೀಲಿ ಕೈಗೆತ್ತಿಕೊಂಡರು. “ಇನ್ನೊಂದ್ಸಲ ತಪ್ಪಿದ್ರೆ ಏನ್ಗತಿ ಅಂತ ನಂಗೆ ಅನ್ನ ಇಳೀತಿಲ್ಲ. ಕಾರಿಗೆ ದಾರಿ ಹೇಳೋ ಮಿಷನ್ ಬಂದಿದ್ಯಂತಲ್ಲ, ನಡಿ ನೋಡ್ಕೊಂಡ್ ಬರೋಣ.”

ಹಾಗೆ ಜಾಲಹಳ್ಳಿ ಕ್ರಾಸಿನ ಕಾರು ಸಾಮಾನಿನ ಅಂಗಡಿಗೆ ಹೋದೆವು. ಅಂಗೈ ಅಗಲದ ಜಿಪಿಎಸ್ ಪೆಟ್ಟಿಗೆಗಳು ಸಾಲಾಗಿ ಕೂತಿದ್ದವು. ಬೆನ್ನಿಗೊಂದು ರಬ್ಬರ್ ಬಟ್ಟಲು, ಅದನ್ನು ಮುಂದಿನ ಗಾಜಿಗೆ ಒತ್ತಿದರೆ ಅಂಟಿಕೊಳ್ಳುತ್ತದೆ. ಒಳಗಿನಿಂದ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಲೆಫ್ಟು, ರೈಟು ಹೇಳುತ್ತಾಳೆ. ಅಂಗಡಿಯವನು ಪರದೆಯ ಅಗಲ, ನಕ್ಷೆಯ ಅಂದ ಎಲ್ಲವನ್ನೂ ವರ್ಣಿಸಿದ. ದೊಡ್ಡಮ್ಮನಿಗೆ ಅದೇನೂ ಬೇಡ.

“ದಂಟಿನ ಸೊಪ್ಪನ್ನೇ ಮುರಿದು ನೋಡ್ದೆ ತಗೊಳಲ್ಲ ನಾನು. ಓಡ್ಸಿ ನೋಡ್ದೆ ಇದನ್ನ ತಗೊಳ್ತೀನಾ? ಬನ್ನಿ, ಕೂತ್ಕೊಳಿ.”

ಪಾಪ, ಅವನು ಕೂತ! ಒಂದು ಸುತ್ತು ಮುಗಿಸಿ ಬಂದಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಇಳಿದವನೇ ಒಂದು ಬಾಟಲಿ ನೀರನ್ನು ಒಂದೇ ಉಸಿರಿಗೆ ಕುಡಿದು ಕೈ ಮುಗಿದ. “ಮೇಡಂ, ಮಿಕ್ಕಿದ್ದನ್ನ ನೀವೇ ಓಡ್ಸಿ ನೋಡ್ಕೊಂಡ್ ಬನ್ನಿ. ಅಡ್ವಾನ್ಸೂ ಬೇಡ, ಏನೂ ಬೇಡ!”

ಮೊದಲನೆಯ ಯಂತ್ರ ಆ ಸುತ್ತಿನಲ್ಲೇ ಅನುತ್ತೀರ್ಣವಾಗಿತ್ತು. ತಿರುವು ತಪ್ಪಿದಾಗಲೆಲ್ಲ ಅದು ಒಂದು ಕ್ಷಣ ಸುಮ್ಮನಾಗಿ, ಮತ್ತೆ ಲೆಕ್ಕ ಹಾಕುತ್ತಿದ್ದೇನೆ ಎಂದು ಇಂಗ್ಲಿಷಿನಲ್ಲಿ ರಾಗ ಎಳೆಯುತ್ತಿತ್ತು. “ನೋಡು, ಹೆಂಗೆ ಬೇಜಾರು ಮಾಡ್ಕೊತಾಳೆ! ನಮ್ಮತ್ತೆ ಹೋಗಿ ಹನ್ನೆರಡು ವರ್ಷ ಆಯ್ತು, ಮತ್ತೆ ಬೇಡಪ್ಪ” ಎಂದರು ದೊಡ್ಡಮ್ಮ.

ಎರಡನೆಯದು ಸವಿಮಾತಿನದು. ಸವಿಯಾಗಿ ಮಾತಾಡುತ್ತಲೇ ನಮ್ಮನ್ನು ಪೀಣ್ಯದ ಒಂದು ಇಕ್ಕಟ್ಟಿನ ಓಣಿಗೆ ನುಗ್ಗಿಸಿತು. ಎದುರಿಗೆ ಕಬ್ಬಿಣದ ಸರಳು ತುಂಬಿದ ಲಾರಿ ಹಿಂದಕ್ಕೆ ಬರುತ್ತಿದೆ! ದೊಡ್ಡಮ್ಮನಿಗೆ ರಿವರ್ಸ್ ಗೇರು ಯಾವತ್ತೂ ಮೊದಲ ಸಲಕ್ಕೆ ಸಿಕ್ಕಿದ್ದಿಲ್ಲ. ಅವರು “ಅಣ್ಣಾ! ಅಣ್ಣಾ!” ಎಂದು ಕೂಗುತ್ತಿದ್ದಾರೆ, ಹಾರ್ನ್ ಒತ್ತಬೇಕೆಂಬುದು ಇಬ್ಬರಿಗೂ ಮರೆತುಹೋಗಿದೆ. ಸರಳುಗಳ ತುದಿಗೆ ಕಟ್ಟಿದ ಕೆಂಪು ಬಟ್ಟೆ ನಮ್ಮ ಗಾಜಿಗೆ ಒಂದು ಗೇಣು ದೂರದಲ್ಲಿ ಬಂದು ನಿಂತಿತು. ಸರಿಯಾಗಿ ಆಗಲೇ ಆ ಹೆಂಗಸು, ನೀವು ಸೇರಬೇಕಾದ ಜಾಗ ಸೇರಿದ್ದೀರಿ ಎಂದಳು. ಸೇರಿಯೇಬಿಟ್ಟೆವು ಎಂದು ನಾನೂ ಅಂದುಕೊಂಡೆ!

ಮೂರನೆಯದನ್ನು ಕೈಗೆತ್ತಿಕೊಂಡ ದೊಡ್ಡಮ್ಮ ತಿರುಗಿಸಿ ತಿರುಗಿಸಿ ನೋಡಿ ಕೇಳಿದರು. “ಇದಕ್ಕೆ ಕಿವಿಗೆ ಹಾಕ್ಕೊಳೋ ವಯರ್ ಸಿಕ್ಸೋ ತೂತು ಇದ್ಯಾ?”

“ಇದೆ ಮೇಡಂ. ಆದ್ರೆ ಇದ್ರ ಪರದೆ ಚಿಕ್ಕದು, ನಕ್ಷೇನೂ ಅಷ್ಟಕ್ಕಷ್ಟೆ. ಯಾರೂ ತಗೊಳಲ್ಲ.”

“ಪ್ಯಾಕ್ ಮಾಡಿ” ಎಂದರು ದೊಡ್ಡಮ್ಮ.

ಆ ಯಂತ್ರ ಸ್ಟಿಯರಿಂಗಿನ ಬಲಕ್ಕೆ, ಒಂದು ಕರವಸ್ತ್ರದ ಮರೆಯಲ್ಲಿ ಕೂತಿತು. ವಯರು ಸೆರಗಿನ ಒಳಗಿಂದ ಬಲಗಿವಿಗೆ ಹೋಯಿತು. ಕಿವಿಯ ಮೇಲೆ ಕೂದಲು, ಕೂದಲ ಮೇಲೆ ಮಲ್ಲಿಗೆ. ಎಡಗಡೆ ಕೂತ ದೊಡ್ಡಪ್ಪ ಏನಾದರೂ ಹೇಳಲಿ, ದೊಡ್ಡಮ್ಮ “ಹೂಂ ರೀ, ಸರಿ ರೀ” ಎನ್ನುತ್ತ ಬಲಗಿವಿಯವಳು ಹೇಳಿದ ಕಡೆಗೆ ತಿರುಗಿಸುವುದು. ಇದು ಯೋಜನೆ. ಲಾರಿಗಳ ಗದ್ದಲದಲ್ಲಿ ಕೇಳಿಸಲೆಂದು ಧ್ವನಿ ಪೂರ್ತಿ ಏರಿಸಿಟ್ಟಿದ್ದರು. ಮೊದಲೇ ಅವರ ಕಾರು, ಅದರ ಮೇಲೆ ಒಂದು ಕಿವಿ ಬಂದ್! ಹಿಂದೆ ಕೂತ ನನಗೆ ಬೆಲ್ಟು ಸಾಲದೆ ಮುಂದಿನ ಸೀಟನ್ನೂ ತಬ್ಬಿಕೊಂಡು ಕೂರುವ ಅಭ್ಯಾಸವಾಯಿತು.

ಆದರೆ ಒಂದು ಸೋಜಿಗ ನಡೆಯಿತು. ಎರಡು ತಿಂಗಳಲ್ಲಿ ದೊಡ್ಡಪ್ಪನ ದಾರಿ ಸರಿಹೋಯಿತು! ಆಲದ ಮರದ ಮಾತಿಲ್ಲ, ಕಾಂಪೌಂಡಿನ ಮಾತಿಲ್ಲ. “ಮುಂದೆ ಲೆಫ್ಟು ತಗೋ” ಎನ್ನುತ್ತಾರೆ, ಅಲ್ಲಿ ಲೆಫ್ಟೇ ಇರುತ್ತದೆ. ದೊಡ್ಡಮ್ಮನ ಸಂತೋಷ ಹೇಳತೀರದು. “ಇಂಜೆಕ್ಷನ್ ಹಿಡಿಸ್ತಿದೆ ಕಣೋ, ಅವರಿಗೆ ಕಾಣಿಸ್ತಿದೆ!” ಎಂದು ಅಡುಗೆಮನೆಯಲ್ಲಿ ನನ್ನ ಕಿವಿಯಲ್ಲಿ ಹೇಳಿ ಎರಡು ಹೋಳಿಗೆ ಹೆಚ್ಚಿಗೆ ಹಾಕಿದರು.

ಆಮೇಲಿನ ತಿಂಗಳು ಮೆಟ್ರೋ ಕೆಲಸಕ್ಕೆ ರಸ್ತೆ ಮುಚ್ಚಿ ಎಲ್ಲರನ್ನೂ ಪೀಣ್ಯದ ಒಳಕ್ಕೆ ತಿರುಗಿಸಿದ್ದರು. ಒಂದೇ ಥರದ ಗೇಟು, ಒಂದೇ ಥರದ ಶೆಡ್ಡು, ಹಿಂದೆ ಮುಂದೆ ಲಾರಿ. ಒಂದು ಕವಲಿನಲ್ಲಿ ದೊಡ್ಡಮ್ಮ ಕಾರು ನಿಲ್ಲಿಸಿಬಿಟ್ಟರು. ಕರವಸ್ತ್ರ ಸರಿಸಿ ನೋಡಿದರು, ಯಂತ್ರದ ಪರದೆ ಕಪ್ಪಾಗಿತ್ತು. ಆಸ್ಪತ್ರೆಯ ವೇಳೆಗೆ ಇಪ್ಪತ್ತೇ ನಿಮಿಷ. ಹಿಂದಿನ ಲಾರಿಯ ಹಾರ್ನು ನನ್ನ ಬೆನ್ನುಮೂಳೆಯಲ್ಲೇ ಬಾರಿಸುತ್ತಿತ್ತು.

“ರೀ, ಹೇಳ್ರೀ, ಎಡಕ್ಕಾ ಬಲಕ್ಕಾ?”

ದೊಡ್ಡಪ್ಪ ಕತ್ತು ಚಾಚಿ ಅವರ ಕಡೆಗೆ ಕಿವಿಗೊಟ್ಟರು.

“ಹೇಳ್ರೀ, ಈಗೀಗ ಎಷ್ಟು ಸರಿಯಾಗಿ ಹೇಳ್ತೀರ!”

ದೊಡ್ಡಪ್ಪ ಮೆಲ್ಲಗೆ ಕೇಳಿದರು. “ಆಯಮ್ಮ ಯಾಕೆ ಸುಮ್ನಾದ್ಳು?”

“ಯಾವ ಆಯಮ್ಮ?”

“ನಿನ್ ಕಿವೀಲಿರೋಳು. ಅವಳು ಹೇಳಿದ್ರಲ್ವಾ ನಾನು ಹೇಳೋದು.”

ಹಿಂದೆ ಕೂತು ಹೆದರಿಕೆಯಲ್ಲಿ ಮಂತ್ರ ಗೊಣಗುತ್ತಿದ್ದ ನನಗೆ ಆ ದನಿ ಒಂದು ದಿನವೂ ಕೇಳಿರಲಿಲ್ಲ. ಪಕ್ಕದಲ್ಲಿದ್ದ ದೊಡ್ಡಪ್ಪನಿಗೆ ಮೊದಲ ದಿನದಿಂದಲೇ ಕೇಳುತ್ತಿತ್ತು. ದೊಡ್ಡಮ್ಮ ಅವರ ಮುಖವನ್ನೇ ನೋಡುತ್ತಿದ್ದರು.

“ಎರಡು ತಿಂಗಳಿಂದ ನಂಗೇನೂ ಕಾಣ್ತಿಲ್ಲ ಕಣೇ” ಎಂದರು ದೊಡ್ಡಪ್ಪ. “ಬರೀ ಬೆಳಕು. ಹೇಳಿದ್ರೆ ಹೆದರ್ಕೊಂಡ್ಬಿಡ್ತೀಯ, ಆಮೇಲೆ ಓಡ್ಸೋದೆಂಗೆ ಅಂತ ಸುಮ್ನಿದ್ದೆ, ಡಾಕ್ಟ್ರಿಗೂ ಹೇಳ್ಬೇಡಿ ಅಂದಿದ್ದೆ.”

ಇಷ್ಟು ದಿನ ನಾನು ಹೆದರಿದ್ದು ಲಾರಿಗಳಿಗೆ. ಅವರಿಬ್ಬರೂ ಹೆದರುತ್ತಿದ್ದದ್ದು ಒಬ್ಬರಿಗಾಗಿ ಇನ್ನೊಬ್ಬರು. ನನಗೆ ನಾಚಿಕೆಯಾಯಿತು. ನಾನೇ ಇಳಿದು ಗೇಟಿನ ವಾಚ್‌ಮನ್ ಹತ್ತಿರ ದಾರಿ ಕೇಳಿಕೊಂಡು ಬಂದೆ. ತಡವಾಗಿ ತಲುಪಿದರೂ ಡಾಕ್ಟರು ಇಂಜೆಕ್ಷನ್ನು ಕೊಟ್ಟರು. ಆ ಬೆಳಕಾದರೂ ಉಳಿಯಬೇಕಾದರೆ ಇದನ್ನು ಬಿಡುವ ಹಾಗಿಲ್ಲ ಎಂದರು.

ಯಂತ್ರ ರಿಪೇರಿಯಾಗಿ ಬಂದಿದೆ. ವಯರು ಕಿತ್ತು ಎಸೆದಾಯಿತು, ಈಗ ಆಯಮ್ಮ ಮೂವರಿಗೂ ಕೇಳುವಂತೆ ರೈಟು ಎನ್ನುತ್ತಾಳೆ. ದೊಡ್ಡಮ್ಮ ತಿರುಗಿಸುವುದಿಲ್ಲ. ತಿರುವು ಹತ್ತಿರ ಬರುತ್ತಿರುತ್ತದೆ, ಹಿಂದಿನ ಲಾರಿ ಮೈಮೇಲೆ ಬರುತ್ತಿರುತ್ತದೆ, ನಾನು ಕಣ್ಣು ಮುಚ್ಚಿರುತ್ತೇನೆ. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, “ರೈಟ್ ತಗೊಳೇ” ಎಂದ ಮೇಲೆಯೇ ದೊಡ್ಡಮ್ಮ “ಹೂಂ ರೀ” ಎಂದು ಬಲಕ್ಕೆ ತಿರುಗಿಸುತ್ತಾರೆ.