ಕಾಲ್ಬೆರಳ ಜಟ್ಟಿ

ಈ ವರ್ಷ ಮುಗಿಯುವುದರೊಳಗೆ ನಮ್ಮ ಮನೆಯ ಷೋಕೇಸಿನಲ್ಲಿ ನನ್ನದೇ ಹೆಸರು ಕೆತ್ತಿದ ಒಂದು ಕಪ್ ಇಟ್ಟೇ ತೀರುತ್ತೇನೆ ಎಂದು ಶಪಥ ಮಾಡಿದೆ. ಶಪಥ ಮಾಡಿದ್ದು ಬಚ್ಚಲುಮನೆಯಲ್ಲಿ. ಬಾಗಿಲು ಹಾಕಿತ್ತು, ನಲ್ಲಿಯನ್ನು ಜೋರಾಗಿ ಬಿಟ್ಟಿದ್ದೆ. ಶಪಥಗಳನ್ನು ಹಾಗೆಯೇ ಮಾಡಬೇಕು. ಸಾಕ್ಷಿಗಳಿದ್ದರೆ ಆಮೇಲೆ ಫಜೀತಿ!

ಮೊದಲು ಆ ಷೋಕೇಸಿನ ವಿಷಯ ಹೇಳಿಬಿಡುತ್ತೇನೆ. ಅದರಲ್ಲಿ ಹದಿನಾಲ್ಕು ಕಪ್‌ಗಳಿವೆ. ಹದಿನಾಲ್ಕೂ ನನ್ನ ಹೆಂಡತಿಯವು. ಗುಂಡು ಎಸೆತಕ್ಕೆ ಆರು, ವಾಲಿಬಾಲಿಗೆ ಐದು, ಉಳಿದ ಮೂರು ಯಾವುದಕ್ಕೆ ಬಂದವೋ ಅವಳಿಗೇ ನೆನಪಿಲ್ಲ. ಈಗ ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಟೀಚರ್. ಅವಳು ಸೀಟಿ ಊದಿದರೆ ನಾನೂರು ಮಕ್ಕಳು ಗೆರೆ ಎಳೆದಂತೆ ಸಾಲಾಗಿ ನಿಲ್ಲುತ್ತಾರೆ. ಮನೆಯಲ್ಲಿ ಸೀಟಿ ಬೇಕಾಗುವುದಿಲ್ಲ, ಅವಳು ಕೆಮ್ಮಿದರೂ ನಾನು ನಿಲ್ಲುತ್ತೇನೆ. ಬಂದ ನೆಂಟರೆಲ್ಲ ಷೋಕೇಸಿನ ಮುಂದೆ ನಿಂತು, "ಇದರಲ್ಲಿ ನಿಮ್ಮದು ಯಾವುದು?" ಎಂದು ತಪ್ಪದೆ ಕೇಳುತ್ತಾರೆ. "ಗಾಜು ಒರೆಸೋದು ನಂದು" ಎನ್ನುತ್ತೇನೆ. ಅವರು ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಹೊಟ್ಟೆಯೊಳಗೆ ಉರಿಯುತ್ತದೆ ಸ್ವಾಮಿ, ಸುಳ್ಳು ಯಾಕೆ ಹೇಳಲಿ!

ನನಗೆ ಆಟ ಬರುವುದಿಲ್ಲ ಎಂದಲ್ಲ. ಒಂದು ಕಡೆ ನಿಲ್ಲಲು, ಕೂರಲು ಬರುವುದಿಲ್ಲ. ಕೂತರೆ ಕಾಲು ಅಲ್ಲಾಡುತ್ತದೆ. ಹುಟ್ಟಿದಾಗಿನಿಂದ ಅಲ್ಲಾಡುತ್ತಿದೆ. ನಾನು ಊಟಕ್ಕೆ ಕೂತರೆ ಲೋಟದ ನೀರಿನಲ್ಲಿ ಅಲೆ ಏಳುತ್ತದೆ. ಕಚೇರಿಯ ದಾಖಲೆ ವಿಭಾಗದಲ್ಲಿ ನನ್ನ ಪಕ್ಕದ ಮೇಜಿನಾಕೆ ಸಹಿ ಹಾಕುವ ಮುನ್ನ, "ಸಾರ್, ಅರ್ಧ ನಿಮಿಷ ಕಾಲು ನಿಲ್ಲಿಸಿ" ಎಂದು ಕೇಳಿಕೊಳ್ಳುತ್ತಾಳೆ. ಜೊತೆಯಲ್ಲೇ ಇರುವ ಅತ್ತೆಯಂತೂ, "ಅಳಿಯಂದಿರ ಕಾಲಿಗೆ ಒಂದು ರಾಟೆ ಕಟ್ಟಿದ್ರೆ ಬೀದಿಗೆಲ್ಲ ನೀರು ಎತ್ತಬಹುದಿತ್ತು" ಎಂದು ಒಮ್ಮೆ ಲೆಕ್ಕ ಹಾಕಿದ್ದರು.

ಆಗಲೇ ಕಚೇರಿಯ ಕ್ರೀಡಾದಿನ ಬಂತು. ಸಮಿತಿಯಲ್ಲಿ ನಾನೂ ಒಬ್ಬ. ಓಟ, ಜಿಗಿತ, ಹಗ್ಗಜಗ್ಗಾಟದಲ್ಲಿ ನನಗೆ ಕಪ್ ಬರುವುದು ಕೋಣಕ್ಕೆ ಹಾಲು ಬಂದಂತೆ ಎಂದು ಗೊತ್ತಿತ್ತು. ಯಾರೂ ಆಡದ ಆಟವೊಂದನ್ನು ಹುಡುಕಬೇಕು! ಮೂರು ದಿನ ಫೋನಿನಲ್ಲಿ ಪ್ರಪಂಚವನ್ನೆಲ್ಲ ಜಾಲಾಡಿದೆ. ಅಬ್ಬಬ್ಬಾ, ಜನ ಏನೇನು ಆಡುತ್ತಾರೆ! ಒಂದು ಕಡೆ ಗುಡ್ಡದ ಮೇಲಿಂದ ಚೀಸಿನ ಗಾಲಿ ಉರುಳಿಸಿ ಅದರ ಹಿಂದೆ ತಾವೂ ಉರುಳುತ್ತಾರೆ. ಇನ್ನೊಂದು ಕಡೆ ಕೆಸರಿನ ಕಾಲುವೆಯಲ್ಲಿ ಮೂತಿಗೆ ಕೊಳವೆ ಸಿಕ್ಕಿಸಿಕೊಂಡು ಈಜುತ್ತಾರೆ. ನೆಲ ಕುಟ್ಟಿ ಕುಟ್ಟಿ ಎರೆಹುಳುಗಳನ್ನು ಹೊರಗೆ ಕರೆಯುವ ಪಂದ್ಯವಿದೆ. ಬೆಟ್ಟದ ತುದಿಯಲ್ಲಿ ನಿಂತು ಬಟ್ಟೆ ಇಸ್ತ್ರಿ ಮಾಡುವ ಆಟವಿದೆ. ಪ್ರತಿ ಭಾನುವಾರ ಅದನ್ನೇ ನಾನು ನಡುಮನೆಯಲ್ಲಿ ಮಾಡುತ್ತೇನೆ, ಯಾರೂ ಚಪ್ಪಾಳೆ ತಟ್ಟಿಲ್ಲ. ಒಂದು ಸುತ್ತು ಚದುರಂಗ, ಒಂದು ಸುತ್ತು ಗುದ್ದಾಟ ಎಂಬ ಆಟವೂ ಇದೆ. ಅದಕ್ಕೆ ನಾವು ದಾಂಪತ್ಯ ಎನ್ನುತ್ತೇವೆ.

ಹೆಂಡತಿಯನ್ನು ಹೊತ್ತು ಓಡುವ ಪಂದ್ಯದ ಫೋಟೋ ಸಿಕ್ಕಿತು. ಹೆಂಡತಿ ಗಂಡನ ಬೆನ್ನ ಹಿಂದೆ ತಲೆಕೆಳಗಾಗಿ ಜೋತುಬಿದ್ದಿದ್ದಾಳೆ, ಅವಳ ಕಾಲುಗಳು ಅವನ ಹೆಗಲ ಮೇಲಿಂದ ಎದೆಗೆ ಇಳಿದಿವೆ. ಉತ್ಸಾಹದಿಂದ ಇವಳಿಗೆ ತೋರಿಸಿದೆ.

"ನನ್ನ ಹೊರ್ತೀರಾ?" ಎಂದಳು.

"ಯಾಕಾಗಬಾರದು?"

"ಮೊನ್ನೆ ಗ್ಯಾಸ್ ಸಿಲಿಂಡರ್ ಒಳಗೆ ತಂದವರು ಯಾರು?"

"...ನೀನು."

"ಹೂಂ. ಬೇರೆ ಆಟ ಹುಡುಕಿ."

ಹುಡುಕಿದೆ. ಸಿಕ್ಕಿತು! ಕಾಲ್ಬೆರಳ ಕುಸ್ತಿ! ಇಬ್ಬರು ಎದುರುಬದುರು ನೆಲದ ಮೇಲೆ ಕೂತು, ಬರಿಗಾಲಿನ ಹೆಬ್ಬೆರಳಿಗೆ ಹೆಬ್ಬೆರಳು ಕೊಂಡಿ ಹಾಕಿ, ಎದುರಾಳಿಯ ಪಾದವನ್ನು ಪಕ್ಕಕ್ಕೆ ಮಣಿಸಬೇಕು. ಓಡಬೇಕಿಲ್ಲ, ನೆಗೆಯಬೇಕಿಲ್ಲ. ನಲವತ್ತಾರು ವರ್ಷಗಳಿಂದ ಹಗಲಿರುಳು ಅಲ್ಲಾಡಿ ಅಲ್ಲಾಡಿ ಪಳಗಿದ ಈ ನನ್ನ ಕಾಲಿಗೆ ಎದುರು ನಿಲ್ಲುವ ಕಾಲು ಭೂಮಂಡಲದಲ್ಲಿ ಯಾವುದಿದೆ? ಸಮಿತಿಯಲ್ಲಿ ವಾದಿಸಿ ಆ ಆಟವನ್ನು ಪಟ್ಟಿಗೆ ಸೇರಿಸಿದೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಂದು ಸಮಯವೂ ನಿಗದಿಯಾಯಿತು. ಮೂರು ವಾರ ಕಠೋರ ತಪಸ್ಸು! ಮಂಚದ ಕಾಲನ್ನು ಎಳೆದೆ, ಬಾಗಿಲನ್ನು ಎಳೆದೆ, ಬಕೆಟ್ಟಿನ ಹಿಡಿಯನ್ನು ಎಳೆದೆ. ಹೆಬ್ಬೆರಳು ಸ್ವಲ್ಪ ಕೆಂಪಗೆ ಊದಿಕೊಂಡಿತು. ಅದನ್ನು ನಾನು ಸ್ನಾಯು ಎಂದುಕೊಂಡೆ.

ಶನಿವಾರ ಸಂಜೆ ಇವಳು ಶಾಲೆಯಿಂದ ದೊಡ್ಡದೊಂದು ಕಪ್ ತಂದಳು. ಹಿತ್ತಾಳೆಯದು, ಎರಡು ಕಿವಿಗಳದ್ದು, ಅಷ್ಟಿಷ್ಟು ಭಾರವಲ್ಲ. ಅಂತರಶಾಲಾ ವಾಲಿಬಾಲಿನ ಪರ್ಯಾಯ ಪಾರಿತೋಷಕ. ಎರಡು ವರ್ಷ ಸತತವಾಗಿ ಇವಳ ಹುಡುಗಿಯರೇ ಗೆದ್ದಿದ್ದರು. ಮೂರನೆಯ ಸಲವೂ ಗೆದ್ದರೆ ಕಪ್ ಶಾಶ್ವತವಾಗಿ ಶಾಲೆಗೆ. ಭಾನುವಾರ ಫೈನಲ್.

"ನೋಡ್ರೀ, ಹನ್ನೊಂದರೊಳಗೆ ಈ ಕಪ್ ಮೈದಾನದ ಮೇಜಿನ ಮೇಲೆ ಇರ್ಬೇಕು" ಎಂದು ಪಾಲಿಶ್ ಮಾಡುತ್ತಾ ಹೇಳಿದಳು. "ಇಲ್ದಿದ್ರೆ ನಮ್ಮ ತಂಡನ ಆಡೋಕೇ ಬಿಡಲ್ಲ. ಅದು ನಿಯಮ. ಯಾರೂ ಮುಟ್ಟಬೇಡಿ."

ಮನೆಯಲ್ಲಿ ಮೂರೇ ಜನ. ಅತ್ತೆ ಮುಟ್ಟುವುದಿಲ್ಲ, ಇವಳು ಮುಟ್ಟಬಹುದು. "ಯಾರೂ" ಎಂದರೆ ಯಾರು ಎಂಬುದು ನನಗೆ ಚೆನ್ನಾಗಿ ಅರ್ಥವಾಯಿತು.

ಭಾನುವಾರ ಬೆಳಿಗ್ಗೆ ಏಳೂವರೆಗೆ ಎಚ್ಚರವಾಗಿ ಎದ್ದೆ. ಇವಳು ಸ್ನಾನಕ್ಕೆ ಹೋಗಿದ್ದಳು. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಮೂರು ಸಲ ಬಾಗಿಲವರೆಗೆ ಹೋಗಿ ಬಂದೆ, ಎರಡು ಸಲ ಗಡಿಯಾರಕ್ಕೆ ಕೀ ಕೊಟ್ಟೆ, ಅದು ಬ್ಯಾಟರಿಯ ಗಡಿಯಾರ. ಕೊನೆಗೆ ಕಣ್ಣು ಕಪ್ಪಿನ ಮೇಲೆ ಬಿತ್ತು. ಎಂಥ ಭಾರ! ಎಂಥ ದುಂಡನೆಯ ಕಿವಿ! ಪಂದ್ಯಕ್ಕೆ ಮುಂಚೆ ಹೆಬ್ಬೆರಳಿನಿಂದ ಹತ್ತೇ ಹತ್ತು ಸಲ ಎತ್ತಿದರೆ ಯಾರಿಗೆ ನಷ್ಟ? ಬೇಲಿಯ ಮೇಲೆ ಹೋಗುವ ಓತಿಕ್ಯಾತವನ್ನು ಹೆಗಲ ಮೇಲೆ ಬಿಟ್ಟುಕೊಳ್ಳುವುದೆಂದರೆ ಇದೇ. ಬಲಗಾಲಿನ ಹೆಬ್ಬೆರಳನ್ನು ಕಿವಿಯೊಳಗೆ ತೂರಿಸಿದೆ. ಒಂದು, ಎರಡು, ಮೂರು... ಆಹಾ! ಹತ್ತೂ ಎತ್ತಿದೆ. ಆಮೇಲೆ ಬೆರಳನ್ನು ಹೊರಗೆಳೆದೆ.

ಬರಲಿಲ್ಲ.

ಮತ್ತೆ ಎಳೆದೆ. ತಿರುಗಿಸಿದೆ. ಗದರಿಸಿದೆ. ಬೆರಳು ಇನ್ನಷ್ಟು ಊದಿ ಕಿವಿಯ ತುಂಬ ಕೂತಿತು. ಕಪ್ಪಿನ ಹೊಳೆಯುವ ಹೊಟ್ಟೆಯಲ್ಲಿ ನನ್ನ ಮುಖ ಅಗಲವಾಗಿ ಕಾಣುತ್ತಿತ್ತು. ಅಷ್ಟು ಪೆಚ್ಚಾದ ಮುಖವನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಬಚ್ಚಲಿನ ಬಾಗಿಲು ತೆರೆದ ಸದ್ದಾಯಿತು. ಥಟ್ಟನೆ ಕಾಲ ಮೇಲೆ ಟವೆಲ್ ಎಳೆದುಕೊಂಡು, ಕನ್ನಡಕ ಏರಿಸಿ ಪೇಪರ್ ಹಿಡಿದೆ.

"ಕಪ್ ಎಲ್ಲಿ?" ಇವಳು ಕೇಳಿದಳು.

"ಎಲ್ಲೂ ಹೋಗಿಲ್ಲ" ಎಂದೆ. ಅದಂತೂ ನೂರಕ್ಕೆ ನೂರು ಸತ್ಯ.

"ಪೇಪರ್ ತಲೆಕೆಳಗಾಗಿದೆ."

"ಹೀಗೂ ಓದಬಹುದು."

"ನಿಮ್ಮ ಕಾಲು ಯಾಕೆ ಅಲ್ಲಾಡ್ತಿಲ್ಲ?"

ಸಿಕ್ಕಿಬಿದ್ದೆ! ಮದುವೆಯಾದ ಇಪ್ಪತ್ತು ವರ್ಷಗಳಲ್ಲಿ ನನ್ನ ಕಾಲು ಅಲ್ಲಾಡದೆ ಇದ್ದದ್ದು ಅದೇ ಮೊದಲು. ಅವಳು ಟವೆಲ್ ಎಳೆದಳು. ಬಗ್ಗಿ ಕಪ್ಪನ್ನು ಸವರಿ ನೋಡಿದಳು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಳು.

"ಕಪ್ಪಿಗೆ ಏಟಾಗಿದೆಯಾ?"

ಅಲ್ಲಿಂದ ಚಿಕಿತ್ಸೆ ಶುರುವಾಯಿತು. ಸೋಪು ಹಚ್ಚಿದಳು, ಬರಲಿಲ್ಲ. ಅಡುಗೆ ಎಣ್ಣೆ ಸುರಿದಳು. ಕಪ್ಪಿಗೆ ಇನ್ನಷ್ಟು ಹೊಳಪು ಬಂತು, ಬೆರಳು ಮಾತ್ರ ಬರಲಿಲ್ಲ. ಐಸ್ ಇಟ್ಟಳು, ನನ್ನ ಹಲ್ಲು ಕಟಕಟ ಎಂದವು. ಅತ್ತೆ ಬಂದು ಕನ್ನಡಕ ಏರಿಸಿ ನೋಡಿದರು.

"ಊತ ಇಳೀಬೇಕು ಅಷ್ಟೇ. ಅಳಿಯಂದಿರು ಮಲಕ್ಕೊಂಡು ಕಾಲು ಗೋಡೆಗೆ ಎತ್ತಿಟ್ಟು ಅರ್ಧ ಗಂಟೆ ಅಲ್ಲಾಡದೆ ಇದ್ರೆ ತಾನಾಗೇ ಜಾರುತ್ತೆ."

ಮಲಗಿದೆ. ಕಾಲೆತ್ತಿದೆ. ಎರಡು ನಿಮಿಷ ಋಷಿಯಂತೆ ಇದ್ದೆ. ಮೂರನೆಯ ನಿಮಿಷಕ್ಕೆ ಹಿಮ್ಮಡಿಯಲ್ಲಿ ತುರಿಕೆ, ನಾಲ್ಕನೆಯದಕ್ಕೆ ಮಂಡಿಯಲ್ಲಿ ಜುಮುಜುಮು, ಐದನೆಯದಕ್ಕೆ ಕಾಲು ತನ್ನ ಹಳೆಯ ಕಸುಬಿಗೆ ಇಳಿಯಿತು. ಕಪ್ ಗೋಡೆಗೆ ಬಡಿದು ಟಣ್ ಟಣ್ ಎಂದು ಸದ್ದು ಮಾಡತೊಡಗಿತು. ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿದರು.

"ಸುಮ್ನಿರೋಕಾಗಲ್ವಾ ನಿಮಗೆ?" ಇವಳು ಕಿರುಚಿದಳು.

"ಸುಮ್ನೇ ಇದೀನಿ! ಕಾಲು ಇಲ್ಲ ಅಷ್ಟೇ!"

ಹೀಗೆ ನಾಲ್ಕು ಸಲ ಮಲಗಿಸಿದರು, ನಾಲ್ಕೂ ಸಲ ಟಣ್ ಟಣ್. ಹತ್ತು ಗಂಟೆಗೆ, ಅಂದರೆ ನನ್ನ ಕುಸ್ತಿಯ ಶುಭಮುಹೂರ್ತಕ್ಕೆ ಸರಿಯಾಗಿ, ಇವಳು ಕರೆಸಿದ ಪಕ್ಕದ ಬೀದಿಯ ಬೀಗದ ರಿಪೇರಿಯವನು ಚೀಲ ಹಿಡಿದು ಬಂದ. ಬೆರಳನ್ನೂ ಕಪ್ಪಿನ ಕಿವಿಯನ್ನೂ ಕಣ್ಣು ಕಿರಿದು ಮಾಡಿ ಪರೀಕ್ಷಿಸಿದ.

"ಸಾರ್, ಯಾವ ಬೀಗಕ್ಕಾದ್ರೂ ಕೀಲಿ ಮಾಡ್ತೀನಿ. ಇದಕ್ಕೆ ಎರಡೇ ದಾರಿ." ಗರಗಸ ತೆಗೆದು ಇವಳ ಕಡೆ ನೋಡಿದ. "ಕಪ್ ಕುಯ್ಯೋದು, ಇಲ್ಲಾ ಬೆರಳು ಕುಯ್ಯೋದು. ಯಾವುದು ಅಂತೀರಿ ಅಕ್ಕಾ?"

ಅವನು ತಮಾಷೆಗೆ ಕೇಳಿದ್ದು. ಆದರೆ ಇವಳು ಉತ್ತರ ಹೇಳುವ ಮುನ್ನ ಯೋಚಿಸಿದಳು! ಕಪ್ಪನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕಪ್ಪನ್ನು ನೋಡಿದಳು.

"ಎರಡೂ ಬೇಡ" ಎಂದಳು ಕೊನೆಗೆ. ಆಗ ಅವಳ ಕಣ್ಣು ತುಂಬಿದ್ದನ್ನು ನೋಡಿದೆ. "ಆ ಹುಡುಗೀರು ವರ್ಷವೆಲ್ಲ ಬೆಳಿಗ್ಗೆ ಐದಕ್ಕೆ ಎದ್ದು ಬಂದಿದಾರೆ ಕಣ್ರೀ. ಈಗ ಅವರಿಗೆ ಏನಂತ ಹೇಳ್ಲಿ? ನಮ್ಮ ಯಜಮಾನರ ಕಾಲ್ಬೆರಳು ದಪ್ಪ ಅಂತಲಾ?"

ಅಷ್ಟು ಹೊತ್ತು ನನಗೆ ನನ್ನ ಬೆರಳಿನದೇ ಚಿಂತೆಯಾಗಿತ್ತು. ಆಗ ಮೊದಲ ಬಾರಿಗೆ ನಿಜವಾಗಿ ನಾಚಿಕೆಯಾಯಿತು. "ನಡಿ, ನಾನೇ ಬರ್ತೀನಿ. ಕಪ್ ನನ್ನ ಜೊತೆ ಬರುತ್ತೆ" ಎಂದು ಎದ್ದು ಒಂದು ಹೆಜ್ಜೆ ಇಟ್ಟೆ. ಕಪ್ ನೆಲಕ್ಕೆ ಉಜ್ಜಿ ಕರ್ ಎಂದಿತು.

"ನಿಲ್ಲಿ! ಗೀರು ಬೀಳುತ್ತೆ!"

ಒಂಟಿಕಾಲಲ್ಲಿ ಕುಂಟಿದೆ, ಕಪ್ಪಿನ ಭಾರಕ್ಕೆ ಬಾಗಿಲಿಗೇ ಒರಗಿದೆ. ಸ್ಕೂಟರಿನ ಹಿಂದೆ ಕೂರಿಸಿದಳು, ಕಪ್ ಚಕ್ರಕ್ಕೆ ತಗುಲಿತು. ಗಂಟೆ ಹತ್ತೂ ನಲವತ್ತು. ಮೈದಾನ ನಮ್ಮ ಬೀದಿಯಿಂದ ಮೂರು ಬೀದಿ ಆಚೆ, ಆಟೋ ಒಂದೂ ಕಾಣಲಿಲ್ಲ. ಇವಳು ಕೈಗಡಿಯಾರ ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಆವತ್ತು ಒಂದು ಫೋಟೋ ತೋರಿಸಿದ್ರಲ್ಲ, ಹೆಂಡ್ತೀನ ಹೊತ್ಕೊಂಡು ಓಡೋದು?"

"ಹೌದು. ಯಾಕೆ?"

ಅವಳು ಬಗ್ಗಿ ನನ್ನ ಸೊಂಟ ಹಿಡಿದಳು. ಹೇಗೆ ಎತ್ತಿದಳೋ ಇಂದಿಗೂ ನನಗೆ ತಿಳಿಯದು. ಕಣ್ಣು ಬಿಡುವಷ್ಟರಲ್ಲಿ ನನ್ನ ತಲೆ ಅವಳ ಬೆನ್ನ ಹಿಂದೆ ನೆಲ ನೋಡುತ್ತಿತ್ತು. ಕಾಲುಗಳು ಅವಳ ಹೆಗಲ ಮೇಲಿಂದ ಮುಂದಕ್ಕೆ ಇಳಿದಿದ್ದವು. ಎದೆಯ ಮುಂದೆ ಕಪ್ಪನ್ನು, ಕಪ್ಪಿನೊಡನೆ ನನ್ನ ಪಾದವನ್ನು, ಎರಡೂ ಕೈಯಿಂದ ಭದ್ರವಾಗಿ ಹಿಡಿದು ಇವಳು ಓಡಿದಳು! ಹಿಂದೆ ಅತ್ತೆ, "ಅಳಿಯಂದಿರೇ, ಕನ್ನಡಕ ಜೋಪಾನ!" ಎಂದು ಕೂಗಿಕೊಂಡು ಬಂದರು. ಬೀದಿಯ ಜನ, ಅಂಗಡಿಯ ಜನ, ಬಸ್ಸಿಗೆ ಕಾಯುವ ಜನ ಎಲ್ಲರೂ ನನಗೆ ತಲೆಕೆಳಗಾಗಿ ಕಂಡರು. ಪಟ್ಟೆ ಪೈಜಾಮದಲ್ಲಿದ್ದ ನಾನು ಅವರಿಗೆ ಹೇಗೆ ಕಂಡೆನೋ ಕೇಳಲು ಧೈರ್ಯ ಸಾಲಲಿಲ್ಲ. ಕಾಲು ಅಲ್ಲಾಡಿಸೋಣವೆಂದರೆ ಗುಂಡು ಎಸೆದ ಆ ಕೈಗಳ ಹಿಡಿತದಲ್ಲಿ ಒಂದು ಕೂದಲೂ ಮಿಸುಕುವಂತಿರಲಿಲ್ಲ.

ಮೈದಾನ ತಲುಪಿದಾಗ ಹನ್ನೊಂದಕ್ಕೆ ಮೂರು ನಿಮಿಷ ಬಾಕಿ. ಹುಡುಗಿಯರು "ಮಿಸ್ ಬಂದ್ರು! ಮಿಸ್ ಬಂದ್ರು!" ಎಂದು ಕಿರುಚಿದರು. ಇವಳು ಮೇಜಿನ ಮೇಲೆ ಕಪ್ ಇಡಲು ಕೈ ಚಾಚಿದಳಷ್ಟೇ, ನನ್ನ ಹೆಬ್ಬೆರಳು ಕಿವಿಯಿಂದ ಸದ್ದಿಲ್ಲದೆ ಜಾರಿ ಹೊರಗೆ ಬಂತು! ಅದೇ ಕ್ಷಣಕ್ಕೆ ಪಂದ್ಯದ ಫೋಟೋ ತೆಗೆಯಲು ಬಂದವನ ಕ್ಯಾಮರಾ ಫಳ್ ಎಂದಿತು. ಕಾಲು ಮೇಲೆ, ತಲೆ ಕೆಳಗೆ, ಪಾದ ಅಲ್ಲಾಡದು. ಅತ್ತೆ ಹೇಳಿದ ಮದ್ದನ್ನು ಇವಳು ಓಡುತ್ತಲೇ ಮಾಡಿ ಮುಗಿಸಿದ್ದಳು. ಕಪ್ ಮೇಜಿಗೆ ಸೇರಿತು. ನನ್ನನ್ನು ಇಳಿಸಲು ಇವಳು ಹಿಂದಕ್ಕೆ ಕುಕ್ಕರಿಸಿದಳು. ಮೈದಾನಕ್ಕೆ ಆಗಷ್ಟೇ ನೀರು ಚಿಮುಕಿಸಿದ್ದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಈ ಜಟ್ಟಿಯದು ಮೀಸೆಯೇ ಮೊದಲು ಮಣ್ಣಾಯಿತು.

ಹುಡುಗಿಯರು ಗೆದ್ದರು. ಕಪ್ ಶಾಶ್ವತವಾಗಿ ಶಾಲೆಯದಾಯಿತು. ನಾನು ಬದಿಯ ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ, ಗಂಟಲು ಕಟ್ಟುವಷ್ಟು ಕೂಗಿದೆ. ಹೊಟ್ಟೆಯ ಉರಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಆಗ ಟಪಾಲು ವಿಭಾಗದ ಗೆಳೆಯ ಫೋನ್ ಮಾಡಿದ.

"ಎಲ್ಲಿ ಹಾಳಾಗಿ ಹೋಗಿದ್ರಿ? ನಿಮ್ಮ ಬೆರಳ ಕುಸ್ತಿಗೆ ಹೆಸರು ಕೊಟ್ಟಿದ್ದು ನೀವೊಬ್ರೇ! ಎದುರಾಳಿನೇ ಇರ್ಲಿಲ್ಲ. ಸುಮ್ನೆ ಬಂದು ಐದು ನಿಮಿಷ ಕೂತಿದ್ರೆ ಕಪ್ ನಿಮ್ದೇ ಆಗ್ತಿತ್ತು. ಈಗ ಅದನ್ನ ಹಗ್ಗಜಗ್ಗಾಟದವರಿಗೆ ಕೊಟ್ಬಿಟ್ವಿ."

ಸುಮ್ಮನೆ ಬಂದು ಕೂರುವುದು! ನನ್ನಿಂದ ಆಗದೇ ಇದ್ದದ್ದು ಅದೊಂದೇ ತಾನೆ?

ಈಗ ನಮ್ಮ ಷೋಕೇಸಿನಲ್ಲಿ ಹದಿನಾಲ್ಕು ಕಪ್‌ಗಳ ನಡುವೆ ಚೌಕಟ್ಟು ಹಾಕಿದ ಒಂದು ಫೋಟೋ ಇದೆ. ಇವಳು ನಗುತ್ತಾ ಕಪ್ ಮುಂದಕ್ಕೆ ಚಾಚಿದ್ದಾಳೆ. ನನ್ನ ಮುಖ ಎಲ್ಲೂ ಇಲ್ಲ. ಪಟ್ಟೆ ಪೈಜಾಮದ ಎರಡು ಕಾಲು ಮಾತ್ರ ಅವಳ ಹೆಗಲಿಂದ ಇಳಿದು, ಒಂದು ಪಾದ ಕಪ್ಪಿನ ಅಡಿಗೆ ಆನಿಕೊಂಡಿದೆ. ಮೊನ್ನೆ ಬಂದ ನೆಂಟರೊಬ್ಬರು ಗಾಜಿಗೆ ಮೂಗು ತಾಗಿಸಿ ಕೇಳಿದರು.

"ಕಪ್ ಚೆನ್ನಾಗಿದೆ. ಅದರ ಕೆಳಗೆ ಏನೋ ಪಟ್ಟೆಪಟ್ಟೆಯದು ಇದೆಯಲ್ಲ, ಏನದು?"

ಎದೆಯುಬ್ಬಿಸಿ ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಒಳಗಿನಿಂದಲೇ ಹೇಳಿದರು:

"ಅದಾ? ಅದು ಕಪ್ಪಿನ ಸ್ಟ್ಯಾಂಡು!"

ಇವಳು ಬಿದ್ದು ಬಿದ್ದು ನಕ್ಕಳು. ನಾನು ಬಾಯಿ ಮುಚ್ಚಿಕೊಂಡು, ಕಾಲು ಅಲ್ಲಾಡಿಸದೆ ಕೂತೆ. ಸ್ಟ್ಯಾಂಡು ಅಲ್ಲಾಡಬಾರದಲ್ಲ!