ನಾಲ್ಕು ಗೆರೆಯ ನಾಲ್ಕು

ಬೆಳಿಗ್ಗೆ ಒಂಬತ್ತೂಕಾಲಿಗೆ, ಗುರುವಂದನೆಗೆ ಇನ್ನು ಮುಕ್ಕಾಲು ಗಂಟೆ ಇರುವಾಗ, ಗಡಿಯಾರದಲ್ಲಿ ತಪ್ಪು ಕಂಡಿತು.

ಗಡಿಯಾರ ತಂದವನು ರುದ್ರೇಶ, ಹಾನಗಲ್ಲಿನ ಬೀಜ-ಗೊಬ್ಬರದಂಗಡಿಯವನು. ತಾನು ಆರನೇ ಇಯತ್ತೆ ಓದಿದ ಕೋಣೆಗೆ ರೋಮನ್ ಅಂಕಿಯ ಗಡಿಯಾರ ಕೊಟ್ಟು, ಗಣಿತದ ವೇದವ್ಯಾಸ ಮಾಸ್ತರರಿಂದ ಒಂದೇ ಒಂದು ಸಲ ‘ಜಾಣ, ಶಾಣ್ಯಾ’ ಅನ್ನಿಸಿಕೊಳ್ಳಬೇಕೆಂದು ಅವನ ಆಸೆ. ಓದುವಾಗ ಅವನ ಕಿವಿಗೆ ಸಿಕ್ಕಿದ್ದು ಮಾಸ್ತರರ ಬೆರಳು ಮಾತ್ರ.

“ಏ ರುದ್ರಾ, ನಾಕರ ಜಾಗಾದಾಗ ನಾಕು ಗೆರಿ ಅದಾವಲೋ!” ಎಂದಳು ನೂರಜಹಾನ, ಅಂದಿನ ಮೊದಲ ಬೆಂಚಿನ ಹುಡುಗಿ. “ಒಂದನ್ನ ಮೂರ ಸಲಕ್ಕಿಂತ ಹೆಚ್ಚ ಬರೀಬಾರದು. ಮರ್ತಿ ಏನ?”

ರುದ್ರೇಶನ ಕಿವಿ ತಾನಾಗಿ ಬಿಸಿಯಾಯಿತು.

“ಗಾಜ ಬಿಚ್ಚು, ತಿದ್ದೋಣು,” ಎಂದ ಶಿವಾನಂದ. ಅದೇ ತರಗತಿಯವನು, ಈಗ ಬಸ್ ಕಂಡಕ್ಟರ್. ಊರಿನಲ್ಲಿ ಏನು ಕೆಟ್ಟರೂ ಮೊದಲು ಕೈ ಹಾಕುವವನು ಅವನೇ; ಆಮೇಲೆ ಅದು ನಡೆದದ್ದು ಕಡಿಮೆ.

ಬ್ಲೇಡಿನಿಂದ ಗೆರೆಗಳನ್ನು ಕೆರೆದರು. ಶಿವಾನಂದ ಮಾರ್ಕರ್ ಹಿಡಿದ.

“ಐದರ ಎಡಕ್ಕ ಒಂದಿದ್ರ ಕಳೀಬೇಕು, ಬಲಕ್ಕಿದ್ರ ಕೂಡಸಬೇಕು,” ನೂರಜಹಾನ ಪಾಠ ಒಪ್ಪಿಸಿದಳು.

“ಯಾರ ಎಡಕ್ಕ? ನಂದೋ, ಗಡಿಯಾರದ್ದೋ?”

“ಬರಿಯೋ ಯಪ್ಪಾ!”

ಎತ್ತಿ ನೋಡಿದರೆ ಗಡಿಯಾರಕ್ಕೆ ಎರಡು ಆರು. ಮೂರಾದ ಮೇಲೆ ಆರು, ಐದು, ಮತ್ತೆ ಆರು.

“ಇದರಾಗ ನಾಕ ಬಾರ್ಸೂದ ಇಲ್ಲಲ್ಲ. ಸಾಲಿ ಬಿಡೂದ್ ಹೆಂಗ?” ಎಂದು ನೂರಜಹಾನ ನಕ್ಕಳು.

ಮತ್ತೆ ಕೆರೆದರು. ಆ ಜಾಗ ಕಜ್ಜಿ ಹತ್ತಿದ ನಾಯಿಯ ಬೆನ್ನಿನಂತಾಯಿತು. ಕೊನೆಗೆ, ಐದರ ಎಡಕ್ಕೆ ಒಂದು ಗೆರೆ ಸರಿಯಾಗಿ ಕೂತಿತು.

ಹತ್ತಕ್ಕೆ ಮಾಸ್ತರು ಬಂದರು. ಕೈಯಲ್ಲಿ ಊರುಗೋಲು, ದನಿ ಮಾತ್ರ ಹಳೆಯದೇ.

“ಈ ನಾಕು ಯಾರು ಬರದಾರ?”

“ನಾನ ಬರಸೇನ್ರಿ ಸರ್,” ರುದ್ರೇಶ ಎದೆಯುಬ್ಬಿಸಿದ. “ಕಂಪನಿಯವ್ರು ನಾಕು ಗೆರಿ ಹಾಕಿದ್ರು. ನೀವು ಕಲಿಸಿದಂಗ ತಿದ್ದಿಸೇನ್ರಿ.”

“ಲೇ, ಗಡಿಯಾರದಾಗ ಮಾತ್ರ ನಾಕಕ್ಕ ನಾಕ ಗೆರೀ ಹಾಕೂ ರೂಢಿ ಅದ. ಇದ ಕೋಣಿಯೊಳಗ ಹೇಳಿದ್ನಲ್ಲ!”

“ಹೌದ್ರಿ ಸರ್, ಹೇಳಿದ್ರಿ,” ಎಂದಳು ನೂರಜಹಾನ, ಈಗಷ್ಟೇ ನೆನಪಾದವಳಂತೆ.

“ಅವತ್ತ ನೀ ಎಲ್ಲಿದ್ಯೋ?” ಮಾಸ್ತರು ರುದ್ರೇಶನ ಕಡೆ ತಿರುಗಿದರು.

“ವರಾಂಡದಾಗ್ರಿ ಸರ್. ಬೋರ್ಡಿನ ಮ್ಯಾಲೆ ನಾಕು ಗೆರಿ ಹಾಕಿದ್ದಕ್ಕ ನೀವ ಹೊರಗ ಹಾಕಿದ್ರಿ.”

ಕೋಣೆಯೆಲ್ಲ ನಕ್ಕಿತು. ಮಾಸ್ತರು ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕು, ಕಣ್ಣೊರೆಸಿಕೊಂಡರು.

“ಈಗ ಹೋಗು. ಮೊದಲಿನಂಗ ಮಾಡಿಸ್ಕೊಂಡ ಬಾ.”

ರುದ್ರೇಶ ಗಡಿಯಾರ ಕಂಕುಳಲ್ಲಿಟ್ಟುಕೊಂಡು ಅದನ್ನು ಕೊಂಡಿದ್ದ ಅಂಗಡಿಗೆಂದು ಶಿಗ್ಗಾವಿಯ ಬಸ್ಸು ಹತ್ತಿದ. ಅವನು ಮರಳಿದಾಗ ಮಾಸ್ತರರ ಪಾಠವೂ ಗುಂಪು ಫೋಟೊವೂ ಮುಗಿದಿದ್ದವು.